ತಿರುವಿನಲ್ಲಿ ಕೇಳಿಬರುವ ಸದ್ದು

ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ, ನಗರದ ಕೋಟೆ, ಕವಲೇದುರ್ಗ. ಕೆಳದಿ ಅರಸರ ಈ ನೆಲೆಗಳನ್ನು ಕುಟುಂಬಸಮೇತರಾಗಿ ನೋಡಿ ಬರುವ ಪರಿಪಾಠ ನಮ್ಮ ಸಮಾಜದಲ್ಲಿ ಉಂಟು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹರಡಿರುವ ಈ ಸ್ಥಳಗಳನ್ನು ಕೂಡಿಸುವ ರಸ್ತೆಗಳಲ್ಲಿ ನೇರ ಹಾದಿ ವಿರಳ, ತಿರುವುಗಳೇ ಅಧಿಕ. ಅಲ್ಲಿಂದ ಕರಾವಳಿಗೆ ಇಳಿಯಬೇಕೆಂದರೆ ಹುಲಿಕಲ್ ಘಾಟಿ, ಇಲ್ಲವೇ 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ. ಇಂಥ ಸೀಮೆಯಲ್ಲಿ ಕಾರು ತಿರುಗುವಾಗ ಏಳುವ ಸದ್ದನ್ನು ಅಲಕ್ಷಿಸುವುದು ತರವಲ್ಲ.

ಕೆಲವು ವರ್ಷಗಳ ಹಿಂದೆ ಮಳೆಗಾಲ ಮುಗಿದ ಹೊಸತರಲ್ಲಿ ತಮ್ಮನ ಮಗನ ಕಾರಿನಲ್ಲಿ ಸಾಗರದಿಂದ ನಗರಕ್ಕೆ ಹೊರಟಿದ್ದೆವು. ಪ್ರತಿ ತಿರುವಿನಲ್ಲಿಯೂ ಮುಂಭಾಗದಿಂದ 'ಟಕ್ ಟಕ್' ಎಂಬ ಸದ್ದು. "ಕಲ್ಲು ಸಿಕ್ಕಿರಬೇಕು ದೊಡ್ಡಪ್ಪಾ" ಎಂದು ಅವನು ಸಮಾಧಾನ ಹೇಳಿದ. ಅನಂತರ ಗ್ಯಾರೇಜೊಂದರಲ್ಲಿ ತೋರಿಸಲಾಗಿ, ಕಾರನ್ನು ಓಡಿಸಿಯೂ ನೋಡದೆ ಸ್ಟೇರಿಂಗಿನ ಭಾಗವನ್ನೇ ಬದಲಿಸಿದರು. ಹಣ ಹೋಯಿತು, ಸದ್ದು ಉಳಿಯಿತು. ಕೊನೆಗೆ ಹಿರಿಯ ಮೆಕ್ಯಾನಿಕರೊಬ್ಬರು ಬಯಲಿನಲ್ಲಿ ಕಾರನ್ನು ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಿಸಿ, ಬಗ್ಗಿ ನೋಡಿ, ಚಕ್ರದ ಒಳಬದಿಯ ಹರಿದ ರಬ್ಬರನ್ನು ತೋರಿಸಿದರು. ಒಳಗೆ ಗ್ರೀಸಿನ ಬದಲು ಕೆಮ್ಮಣ್ಣಿನ ಕೆಸರು ತುಂಬಿತ್ತು.

ಸದ್ದಿನ ಕಾರಣ

1983ರಲ್ಲಿ ಮಾರುತಿ 800 ಬಂದ ಮೇಲೆ ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೇ ನೀಡುವ ಕಾರುಗಳು ನಮ್ಮಲ್ಲಿ ಮನೆಮಾತಾದವು. ಅಂಬಾಸಿಡರಿನಲ್ಲಿ ಆ ಬಲ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಒಂದೇ ಚಕ್ರ ಬಲವನ್ನೂ ಪಡೆಯಬೇಕು, ಪಕ್ಕಕ್ಕೂ ತಿರುಗಬೇಕು ಎಂದಾಗ ಆಕ್ಸೆಲಿನ ತುದಿಯಲ್ಲಿ ಮಣಿಯಬಲ್ಲ ಕೀಲು ಬೇಕಾಗುತ್ತದೆ. ಅದೇ ಸಿ.ವಿ. ಜಾಯಿಂಟ್. ಅದರ ಒಳಗಿನ ಉಕ್ಕಿನ ಗುಂಡುಗಳಿಗೆ ಗ್ರೀಸೇ ಆಧಾರ, ಆ ಗ್ರೀಸಿಗೆ 'ಬೂಟ್' ಎಂಬ ರಬ್ಬರಿನ ಚೀಲವೇ ಕವಚ. ಬೂಟ್ ಹರಿದರೆ ಗ್ರೀಸು ಹೊರಚೆಲ್ಲಿ ಕೆಸರು ಒಳಸೇರುತ್ತದೆ, ಗುಂಡುಗಳು ಸವೆಯುತ್ತವೆ. ಸದ್ದು ಹುಟ್ಟುವ ಮುನ್ನವೇ ಕಂಡುಕೊಂಡರೆ ಹೊಸ ಬೂಟ್, ಹೊಸ ಗ್ರೀಸುಗಳಲ್ಲಿ ಕೆಲಸ ಮುಗಿಯಬಹುದು. ಸದ್ದು ಆರಂಭವಾದ ಮೇಲೆ ಜಾಯಿಂಟನ್ನೇ ಬದಲಿಸಬೇಕಾಗುತ್ತದೆ.

ಪರೀಕ್ಷಿಸುವ ಕ್ರಮ

ಸಮತಟ್ಟಾದ, ಜನರಿಲ್ಲದ ಬಯಲಿನಲ್ಲಿ ಕಿಟಕಿಗಳನ್ನು ಇಳಿಸಿ, ಹಾಡು ನಿಲ್ಲಿಸಿ, ಮತ್ತೊಬ್ಬರನ್ನು ಹೊರಗೆ ತುಸು ದೂರದಲ್ಲಿ ನಿಲ್ಲಿಸಿಕೊಳ್ಳಿ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿದಾಗ ಚಕ್ರದ ವೇಗಕ್ಕನುಗುಣವಾಗಿ 'ಟಕ್ ಟಕ್' ಎಂದರೆ ಸಿ.ವಿ. ಜಾಯಿಂಟನ್ನು ಶಂಕಿಸಬೇಕು. ಉಜ್ಜಿದಂಥ ಸದ್ದಾದರೆ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ತಾಗುತ್ತಿರಬಹುದು.

ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗು ಹಾರಿದಂತೆ 'ಟಣ್' ಎಂದರೆ ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಬೇರಿಂಗ್ ಬಿಗಿದಿರುವ ಸಂಭವವುಂಟು. ಪೂರ್ತಿ ತಿರುಗಿಸಿದಾಗ 'ಗುಂಯ್' ಎಂದು ನರಳಿದರೆ, ಎಣ್ಣೆಯ ಪವರ್ ಸ್ಟೇರಿಂಗ್ ಇರುವ ಕಾರಿನಲ್ಲಿ ಎಣ್ಣೆಯ ಮಟ್ಟವನ್ನು ನೋಡಬೇಕು. ವಿದ್ಯುತ್ ಸ್ಟೇರಿಂಗಿನಲ್ಲಿ ಈ ಎಣ್ಣೆಯೇ ಇಲ್ಲ. ನೇರ ರಸ್ತೆಯಲ್ಲಿ ಕೇಳುವ ಗುಂಯ್‌ಗಾನ ತಿರುವಿನಲ್ಲಿ ಏರಿಯೋ ಇಳಿದೋ ಬದಲಾದರೆ ಅದು ವ್ಹೀಲ್ ಬೇರಿಂಗ್. ಗುಂಡಿಗಳಲ್ಲಿ ನಿಧಾನವಾಗಿ ಇಳಿಸಿದಾಗ 'ಗಡಗಡ' ಎಂದರೆ ಲಿಂಕ್ ರಾಡ್, ಬುಶ್, ಬಾಲ್ ಜಾಯಿಂಟ್ ಇವುಗಳಲ್ಲೊಂದು ಸಡಿಲಗೊಂಡಿರುತ್ತದೆ.

ಚಕ್ರವನ್ನು ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲಗಳಲ್ಲಿ ಹಿಡಿದಾಗ ಆಡಿದರೆ ಹೆಚ್ಚಾಗಿ ಟೈ ರಾಡ್ ಎಂಡ್. ಇದನ್ನು ಬಲ್ಲವರೇ ಮಾಡಲಿ. ಬರಿಯ ಜಾಕಿಯನ್ನು ನಂಬಿ ಯಾರೂ ಕಾರಿನ ಕೆಳಗೆ ಹೋಗಕೂಡದು. ಟೈ ರಾಡ್ ಎಂಡ್ ಬದಲಿಸಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ಮರೆಯಬಾರದು.

ಘಾಟಿ ಇಳಿಯುವ ಮುನ್ನ

ಎಲ್ಲ ಸದ್ದುಗಳೂ ಸಮಾನವಲ್ಲ. ಲಿಂಕ್ ರಾಡಿನ ಗಡಗಡ ಕೆಲವು ದಿನ ಕಾಯಬಹುದು. ಬಾಲ್ ಜಾಯಿಂಟಾಗಲಿ ಟೈ ರಾಡ್ ಎಂಡಾಗಲಿ ಕಳಚಿದರೆ ಚಕ್ರ ಸ್ಟೇರಿಂಗಿನ ಮಾತು ಕೇಳದು. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಕಮರಿ ಇರುವ ತಿರುವಿನಲ್ಲಿ ಹಾಗಾದರೆ ಕಾರಿನಲ್ಲಿ ಕುಳಿತ ವೃದ್ಧರ, ಮಕ್ಕಳ ಗತಿಯೇನು? ಸ್ಟೇರಿಂಗ್ ಸಡಿಲವೆನಿಸಿದರೆ, ಕಾರು ಒಂದು ಬದಿಗೆ ಎಳೆದರೆ, ಘಾಟಿಯ ಆಸೆ ಬಿಟ್ಟು ಗ್ಯಾರೇಜಿನ ದಾರಿ ಹಿಡಿಯುವುದೇ ವಿವೇಕ. ಮುಂಗಾರಿಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಕಾರಿನ ತಳದ ಕೆಸರನ್ನು ತೊಳೆಸಿ ಬೂಟುಗಳನ್ನು ನೋಡಿಸಿಕೊಂಡರೆ ಅರ್ಧ ಚಿಂತೆ ಕಳೆದಂತೆ.

ಆ ಹಿರಿಯರು ಬಿಡಿಭಾಗದ ಬೆಲೆ, ಒಂದು ಹೊತ್ತಿನ ಕೂಲಿ ಇಷ್ಟನ್ನೇ ಪಡೆದರು. ಕೈಯ ಮಸಿ ಒರೆಸಿಕೊಳ್ಳುತ್ತ, "ಸದ್ದು ಎಲ್ಲಿಂದ ಅಂತ ಗೊತ್ತಾಗೋ ತನಕ ಸ್ಪ್ಯಾನರ್ ಮುಟ್ಟಬಾರದು ಸ್ವಾಮಿ" ಎಂದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವರನ್ನು ಅವರವರ ಕಾಯಕದೊಂದಿಗೇ ಸ್ಮರಿಸುವ ಪರಂಪರೆ ನಮ್ಮದು. ಮಠದಲ್ಲಿ ವರ್ಷಗಟ್ಟಲೆ ಕಾಯಕತತ್ತ್ವವನ್ನು ಓದಿದ ನನಗೆ ಅಂದು ಅದು ಕಣ್ಣೆದುರಿಗೇ ಕಂಡಿತು. ನಮ್ಮ ಮನೆಮಂದಿಯನ್ನು ಕ್ಷೇಮವಾಗಿ ಮನೆ ಮುಟ್ಟಿಸುವ ಅಂಥ ಕಾಯಕಜೀವಿಗಳಲ್ಲಿ ಕೂಲಿಗಾಗಿ ಚೌಕಾಸಿ ಮಾಡುವುದು ಬೇಡ. ಅವರ ಮಾತನ್ನು ಕಿವಿಗೊಟ್ಟು ಕೇಳೋಣ.