ಸೆಟ್ಟಿಂಗ್ಸ್ ಕಿಟಕಿ ಮುಚ್ಚಿಕೊಳ್ಳುವುದೇಕೆ?

ಗಣಕಯಂತ್ರವನ್ನು ಬಳಸುವವರಲ್ಲಿ ಹಲವರು ಒಂದು ವಿಚಿತ್ರವನ್ನು ಕಂಡಿರಬಹುದು. ಯಂತ್ರವು ಎಂದಿನಂತೆ ಪ್ರಾರಂಭವಾಗುತ್ತದೆ. ಬರೆಯುವ, ಓದುವ, ಹಾಡು ಕೇಳಿಸುವ ತಂತ್ರಾಂಶಗಳೆಲ್ಲವೂ ನೆಟ್ಟಗೆ ನಡೆಯುತ್ತವೆ. ಆದರೆ ಪರದೆಯ ಬೆಳಕನ್ನೋ ಕೀಲಿಮಣೆಯ ಭಾಷೆಯನ್ನೋ ಬದಲಿಸಲೆಂದು ‘ಸೆಟ್ಟಿಂಗ್ಸ್’ ತೆರೆದರೆ, ಆ ಕಿಟಕಿ ಕ್ಷಣಮಾತ್ರ ಮಿಂಚಿ ಮಾಯವಾಗುತ್ತದೆ. ಮತ್ತೆ ತೆರೆದರೆ ಮತ್ತೆ ಮಾಯ. ಯಂತ್ರವನ್ನು ಸರಿಪಡಿಸುವ ಸಾಧನವೇ ಕೆಟ್ಟರೆ ಏನು ಮಾಡುವುದು?

ಇಂಥ ಸಂದರ್ಭದಲ್ಲಿ ಮೊದಲು ಕೇಳಿಬರುವ ಸಲಹೆ ‘ಫಾರ್ಮ್ಯಾಟ್ ಮಾಡಿಬಿಡಿ’ ಎಂಬುದು. ಡಿಸ್ಕನ್ನು ಬರಿದುಮಾಡಿ ವಿಂಡೋಸನ್ನು ಹೊಸದಾಗಿ ಹಾಕಿದರೆ ದೋಷವು ಬಹುಮಟ್ಟಿಗೆ ಹೋಗುವುದು ನಿಜ. ಅದರೊಡನೆ ಬರಿದಾದ ಭಾಗದಲ್ಲಿದ್ದ ಪ್ರಾಜೆಕ್ಟ್ ವರದಿ, ಟಿಪ್ಪಣಿ, ಭಾವಚಿತ್ರಗಳೂ ಹೋಗುತ್ತವೆ. ಮನೆಯಲ್ಲಿ ಒಂದು ದೀಪ ಉರಿಯದಿದ್ದರೆ ಮನೆಯನ್ನೇ ಕೆಡವಿ ಕಟ್ಟುವವರುಂಟೆ? ಔಷಧಕ್ಕಿಂತ ಮೊದಲು ನಿದಾನವು ನಡೆಯಬೇಕು. ಆ ನಿದಾನದ ಕ್ರಮವನ್ನು ಇಲ್ಲಿ ವಿಚಾರಿಸೋಣ.

ಮೊದಲು ಸೆಟ್ಟಿಂಗ್ಸ್ ಎಂದರೇನೆಂಬುದನ್ನು ತಿಳಿಯಬೇಕು. 1985ರಲ್ಲಿ ಬಂದ ಮೊದಲ ವಿಂಡೋಸಿನಲ್ಲಿಯೇ ‘ಕಂಟ್ರೋಲ್ ಪ್ಯಾನೆಲ್’ ಎಂಬ ಅಂಗವಿತ್ತು. 2015ರ ವಿಂಡೋಸ್ 10ರಲ್ಲಿ ಅದರ ಕೆಲಸದ ಹೆಚ್ಚಿನ ಪಾಲನ್ನು ಸೆಟ್ಟಿಂಗ್ಸ್ ವಹಿಸಿಕೊಂಡಿತು. 2021ರ ವಿಂಡೋಸ್ 11ರಲ್ಲಿ ಅದರ ಭಾರ ಮತ್ತಷ್ಟು ಹೆಚ್ಚಿತು. ಇದು ಯಂತ್ರದ ಗರ್ಭದಲ್ಲಿ ಅಡಗಿದ ಯಾವುದೋ ಶಕ್ತಿಯಲ್ಲ; ಉಳಿದವುಗಳಂತೆ ಇದೂ ಒಂದು ತಂತ್ರಾಂಶ. ತೆರೆದೊಡನೆ ಇದು ಯಂತ್ರದ ನೂರಾರು ವಿವರಗಳನ್ನು ಓದುತ್ತದೆ: ಪರದೆಯ ಅಳತೆ, ಮುದ್ರಣಯಂತ್ರದ ಹೆಸರು, ಬಳಕೆದಾರನ ಆಯ್ಕೆಗಳು ಇತ್ಯಾದಿ. ಓದುವ ವಿವರಗಳಲ್ಲಿ ಒಂದು ಹಾಳಾಗಿದ್ದರೂ ಓದುವಾತ ಮುಗ್ಗರಿಸಬಹುದು.

ಮುಗ್ಗರಿಸಿದಾಗ ಕಿಟಕಿ ಏಕೆ ಮುಚ್ಚಿಕೊಳ್ಳುತ್ತದೆ? ಕಾರ್ಯಾಚರಣ ವ್ಯವಸ್ಥೆಯು ಪ್ರತಿಯೊಂದು ತಂತ್ರಾಂಶಕ್ಕೂ ಯಂತ್ರದ ಸ್ಮೃತಿಯಲ್ಲಿ ಇಂತಿಷ್ಟೆಂದು ಜಾಗವನ್ನು ಗೊತ್ತುಮಾಡಿಕೊಟ್ಟಿರುತ್ತದೆ. ತಪ್ಪು ವಿವರವನ್ನು ನಂಬಿದ ತಂತ್ರಾಂಶವು ತನಗೆ ಸೇರದ ಜಾಗಕ್ಕೆ ಕೈಹಾಕಿದರೆ, ವ್ಯವಸ್ಥೆಯು ಅದನ್ನು ತತ್ಕ್ಷಣ ನಿಲ್ಲಿಸಿಬಿಡುತ್ತದೆ. ಹಲವು ಬಾರಿ ನಾವು ‘ಕ್ರ್ಯಾಶ್’ ಎನ್ನುವುದು ಇದನ್ನೇ. ನಮಗೆ ತೊಂದರೆಯೆಂದು ತೋರುವ ಇದು ಉಳಿದ ತಂತ್ರಾಂಶಗಳ ಪಾಲಿಗೆ ರಕ್ಷಣೆಯಾಗಿದೆ.

ಈಗ ದೋಷದ ಸ್ಥಾನವನ್ನು ಹುಡುಕುವ ಬಗೆಯನ್ನು ನೋಡೋಣ. ಇದಕ್ಕೆ ಮಂಗಳೂರಿನ ತೊಕ್ಕೊಟ್ಟು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ನೇತ್ರಾವತಿಯ ಸೇತುವೆಯನ್ನು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 66 ತೊಕ್ಕೊಟ್ಟಿನ ಮೂಲಕ ದಕ್ಷಿಣಕ್ಕೆ ತಲಪಾಡಿಯ ಕಡೆ ಸಾಗುತ್ತದೆ. ಅಲ್ಲಿಂದಲೇ ಪಡುವಣಕ್ಕೆ ಉಳ್ಳಾಲದ ದಾರಿಯೂ, ಮೂಡಣಕ್ಕೆ ದೇರಳಕಟ್ಟೆ, ಕೊಣಾಜೆಗಳ ದಾರಿಯೂ ಕವಲೊಡೆಯುತ್ತವೆ. ಕೊಣಾಜೆಯ ವಿಶ್ವವಿದ್ಯಾನಿಲಯದ ಬಳಿ ಕಾದು ನಿಂತ ವಿದ್ಯಾರ್ಥಿಗೆ ಮಂಗಳೂರಿನಿಂದ ಒಂದು ಬಸ್ಸೂ ಬರಲಿಲ್ಲವೆನ್ನೋಣ. ಅಡ್ಡಿ ಎಲ್ಲಿದೆ? ಉಳ್ಳಾಲಕ್ಕೂ ತಲಪಾಡಿಗೂ ಬಸ್ಸುಗಳು ತಲಪುತ್ತಿವೆಯೆ ಎಂದು ವಿಚಾರಿಸಿದರೆ ಸಾಕು. ತಲಪುತ್ತಿದ್ದರೆ ಸೇತುವೆಯಲ್ಲಿ ದೋಷವಿಲ್ಲ. ಅಡ್ಡಿಯು ಕವಲಿನಿಂದ ಮೂಡಣಕ್ಕೆ ಇರುವ ದಾರಿಯಲ್ಲಿದೆ. ಎಲ್ಲಿಗೂ ತಲಪುತ್ತಿಲ್ಲವಾದರೆ ಕವಲಿಗಿಂತ ಹಿಂದೆ, ಸೇತುವೆಯ ಕಡೆಗೆ ಹುಡುಕಬೇಕು. ಒಂದೇ ಪ್ರಶ್ನೆಯಿಂದ ಅರ್ಧ ದಾರಿಯನ್ನು ಸಂಶಯದಿಂದ ಬಿಡಿಸಿದಂತಾಯಿತು.

ಗಣಕಯಂತ್ರದಲ್ಲಿಯೂ ಇಂಥ ಕವಲು ಇದೆ. ವಿಂಡೋಸಿನ ಮೂಲ ಕಡತಗಳು ಎಲ್ಲ ಬಳಕೆದಾರರಿಗೂ ಸಮಾನ. ಅವು ಸೇತುವೆಯ ದಾರಿಯಿದ್ದಂತೆ. ಅಲ್ಲಿಂದ ಮುಂದೆ ಒಬ್ಬೊಬ್ಬ ಬಳಕೆದಾರನ ಖಾತೆಗೂ ಅವನವನ ಆಯ್ಕೆಗಳನ್ನು ಕೂಡಿಟ್ಟ ಪ್ರತ್ಯೇಕ ಕಡತಗಳಿರುತ್ತವೆ, ಅವೇ ಕವಲುಗಳು. ದೋಷವು ಮೂಲದಲ್ಲಿದೆಯೋ ಕವಲಿನಲ್ಲಿದೆಯೋ ಎಂಬುದೇ ನಮ್ಮ ಮುಖ್ಯ ಪ್ರಶ್ನೆ.

ಪರೀಕ್ಷೆಗೆ ತೊಡಗುವ ಮುನ್ನ ಮಾಡಲೇಬೇಕಾದುದೊಂದಿದೆ. ಅಗತ್ಯವಾದ ಕಡತಗಳನ್ನೆಲ್ಲ ಪೆನ್‌ಡ್ರೈವಿಗೋ ಬೇರೊಂದು ಡಿಸ್ಕಿಗೋ ನಕಲು ಮಾಡಿಡಬೇಕು. ಬಳಿಕ ಯಂತ್ರವನ್ನು ‘ರೀಸ್ಟಾರ್ಟ್’ ಮಾಡಿ ನೋಡಬೇಕು. ಅರ್ಧಕ್ಕೆ ನಿಂತ ಅಪ್‌ಡೇಟ್ ಇದರಿಂದಲೇ ಪೂರ್ಣವಾಗಿ ತೊಂದರೆ ನೀಗುವುದುಂಟು.

ನೀಗದಿದ್ದರೆ ಯಂತ್ರದ ದಿನಚರಿಯನ್ನು ಓದೋಣ. ‘ಇವೆಂಟ್ ವ್ಯೂವರ್’ ಎಂಬ ಸಾಧನದ ‘ಅಪ್ಲಿಕೇಷನ್’ ವಿಭಾಗದಲ್ಲಿ, ಕ್ರ್ಯಾಶ್ ಆದ ಗಳಿಗೆಯಲ್ಲಿ ಸಾಮಾನ್ಯವಾಗಿ 1000 ಎಂಬ ಸಂಖ್ಯೆಯ ದಾಖಲೆ ಇರುತ್ತದೆ. ನಿಂತುಹೋದ ತಂತ್ರಾಂಶ ಯಾವುದು, ಆಗ ಯಾವ ಕಡತದ ಆಜ್ಞೆಗಳು ನಡೆಯುತ್ತಿದ್ದುವು ಎಂಬೆರಡೂ ಅಲ್ಲಿ ಬರೆದಿರುತ್ತವೆ. ಎರಡನೆಯ ಹೆಸರು ಪರದೆಯ ಡ್ರೈವರಿಗೆ ಸೇರಿದ್ದಾದರೆ ಸಂಶಯವು ಮೊದಲು ಅತ್ತ ತಿರುಗಬೇಕು. ಸೆಟ್ಟಿಂಗ್ಸಿನ ಎಲ್ಲ ಪುಟಗಳೂ ಮುಚ್ಚಿಕೊಳ್ಳುತ್ತಿವೆಯೋ ಒಂದೇ ಪುಟವೋ ಎಂಬುದನ್ನೂ ಗಮನಿಸಬೇಕು. ಒಂದೇ ಪುಟವಾದರೆ ಆ ಪುಟ ಓದುವ ವಿವರವನ್ನೇ ವಿಚಾರಿಸತಕ್ಕದ್ದು.

ಈಗ ಕವಲಿನ ಪರೀಕ್ಷೆ. ಹೊಸದೊಂದು ಬಳಕೆದಾರ ಖಾತೆಯನ್ನು ತೆರೆಯಬೇಕು. ಇದನ್ನು ಸಾಮಾನ್ಯವಾಗಿ ಸೆಟ್ಟಿಂಗ್ಸಿನಲ್ಲಿಯೇ ಮಾಡುವುದಷ್ಟೆ. ಅದು ತೆರೆಯದಿರುವುದರಿಂದ ‘ಕಮಾಂಡ್ ಪ್ರಾಂಪ್ಟ್’ ಅನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದೊಡನೆ ತೆರೆದು ‘ನೆಟ್ ಯೂಸರ್’ ಎಂಬ ಆಜ್ಞೆಯಿಂದ ಮಾಡಬಹುದು. ಹೊಸ ಖಾತೆಯೊಳಗೆ ಹೊಕ್ಕು ಸೆಟ್ಟಿಂಗ್ಸ್ ತೆರೆಯೋಣ. ಅಲ್ಲಿ ಅದು ಸರಿಯಾಗಿ ತೆರೆದರೆ ವಿಂಡೋಸಿನ ಮೂಲ ಕಡತಗಳ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯಿತು. ದೋಷವು ಹಳೆಯ ಖಾತೆಯದು. ಆಗ ‘ಪವರ್‌ಶೆಲ್’ ಮೂಲಕ ಸೆಟ್ಟಿಂಗ್ಸನ್ನು ಮಾತ್ರ ‘ರೀಸೆಟ್’ ಮಾಡಬಹುದು. ಇದು ಸೆಟ್ಟಿಂಗ್ಸ್ ತನಗಾಗಿ ಕೂಡಿಟ್ಟುಕೊಂಡುದನ್ನು ಅಳಿಸುತ್ತದೆಯೇ ಹೊರತು ನಿಮ್ಮ ವರದಿ, ಚಿತ್ರಗಳನ್ನು ಮುಟ್ಟುವುದಿಲ್ಲ. ಅದೂ ಫಲಿಸದಿದ್ದರೆ ಕಡತಗಳನ್ನು ಹೊಸ ಖಾತೆಗೆ ಸಾಗಿಸಿ ಅಲ್ಲಿಯೇ ಕೆಲಸ ಮುಂದುವರಿಸಬಹುದು.

ಹೊಸ ಖಾತೆಯಲ್ಲಿಯೂ ಕಿಟಕಿ ಮುಚ್ಚಿಕೊಂಡರೆ? ಆಗ ಸೇತುವೆಯ ಕಡೆಗೆ ಹೋಗಬೇಕು. ವಿಂಡೋಸಿನಲ್ಲಿ ‘ಸಿಸ್ಟಮ್ ಫೈಲ್ ಚೆಕರ್’ ಎಂಬ ಪರೀಕ್ಷಕನಿದ್ದಾನೆ. ಪ್ರತಿಯೊಂದು ಮೂಲ ಕಡತದಿಂದಲೂ ಲೆಕ್ಕಹಾಕಿ ಪಡೆದ ಒಂದು ಗುರುತಿನ ಸಂಖ್ಯೆಯುಂಟು. ಕಡತದಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಸಂಖ್ಯೆ ಬೇರೆಯಾಗುತ್ತದೆ. ಪರೀಕ್ಷಕನು ಈ ಸಂಖ್ಯೆಗಳನ್ನು ತಾಳೆನೋಡಿ, ಹೊಂದದ ಕಡತವನ್ನು ತೆಗೆದು, ಯಂತ್ರದೊಳಗಿನ ಉಗ್ರಾಣದಿಂದ ಒಳ್ಳೆಯ ಪ್ರತಿಯನ್ನು ತಂದಿಡುತ್ತಾನೆ. ಉಗ್ರಾಣವೇ ಕೆಟ್ಟಿದ್ದರೆ ‘ಡಿಸ್ಮ್’ ಎಂಬ ಇನ್ನೊಂದು ಸಾಧನವು ಅಂತರ್ಜಾಲದಿಂದ ಪ್ರತಿಗಳನ್ನು ತರಿಸಿ ಅದನ್ನು ತುಂಬುತ್ತದೆ. ಆದುದರಿಂದ ಡಿಸ್ಮ್ ಮೊದಲು, ಪರೀಕ್ಷಕನು ಅನಂತರ ಎಂಬುದೇ ಯುಕ್ತವಾದ ಕ್ರಮ. ಮೂಲ ಕಡತಗಳು ಪದೇ ಪದೇ ಕೆಡುತ್ತಿದ್ದರೆ ಡಿಸ್ಕನ್ನೇ ‘ಚೆಕ್ ಡಿಸ್ಕ್’ನಿಂದ ಶೋಧಿಸಬೇಕು.

ಕಡತಗಳು ಕೆಡುವುದಾದರೂ ಹೇಗೆ? ಡಿಸ್ಕ್ ಸವೆಯುವುದೊಂದು ಕಾರಣ. ಬರೆಯುತ್ತಿರುವಾಗಲೇ ವಿದ್ಯುತ್ತು ನಿಲ್ಲುವುದು ಇನ್ನೊಂದು. ಗಾಳಿಮಳೆಗಳಿಂದ ಮಳೆಗಾಲದಲ್ಲಿ ವಿದ್ಯುತ್ತು ತಪ್ಪುವ ಕರಾವಳಿಯಲ್ಲಿ, ಬ್ಯಾಟರಿಯಿಲ್ಲದ ಮೇಜಿನ ಯಂತ್ರಗಳಿಗೆ ಯು.ಪಿ.ಎಸ್. ಇರಿಸುವುದು ಆಡಂಬರವಲ್ಲ.

ಒಂದು ವಿವರದ ತಪ್ಪು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ 2024ರ ಜುಲೈ 19 ಸಾಕ್ಷಿ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಹೊಸ ವಿವರಗಳ ಕಡತವೊಂದು ಬಂದಿತು. ಆ ಕಡತಕ್ಕೆ 21 ಮೌಲ್ಯಗಳು ಬೇಕಾಗಿದ್ದುವು. ತಂತ್ರಾಂಶದಲ್ಲಿ ಒದಗಿದ್ದುವು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋಗಿ ಅದು ತನ್ನದಲ್ಲದ ಸ್ಮೃತಿಗೆ ಕೈಹಾಕಿತು. ಸೆಟ್ಟಿಂಗ್ಸಿನಂತೆ ಹೊರಗಿನದಾಗಿದ್ದರೆ ಒಂದು ಕಿಟಕಿ ಮುಚ್ಚುತ್ತಿತ್ತು, ಅಷ್ಟೆ. ಆದರೆ ಇದು ವಿಂಡೋಸಿನ ತಿರುಳಿನಲ್ಲಿಯೇ ನಡೆಯುವಂಥದು. ಸುಮಾರು 85 ಲಕ್ಷ ಯಂತ್ರಗಳು ನಿಂತುಹೋದುವು. ಹಲವು ದೇಶಗಳಲ್ಲಿ ವಿಮಾನಗಳೂ ಆಸ್ಪತ್ರೆಗಳ ಕೆಲಸವೂ ತಡೆದುವು. ದೋಷದ ಸ್ಥಾನ ತಿಳಿದ ಮೇಲೆ ಮದ್ದು ಸರಳವಾಗಿತ್ತು: ಯಂತ್ರವನ್ನು ‘ಸೇಫ್ ಮೋಡ್’ನಲ್ಲಿ ತೆರೆದು ಆ ಕಡತವೊಂದನ್ನು ಅಳಿಸಿದರೆ ಸಾಕಾಗುತ್ತಿತ್ತು. ಡಿಸ್ಕನ್ನು ಬರಿದುಮಾಡುವ ಅಗತ್ಯವಿರಲಿಲ್ಲ.

ಮೇಲಿನ ಕ್ರಮದಲ್ಲಿ ನಾವು ಗಮನಿಸಬೇಕಾದುದು ಆಜ್ಞೆಗಳ ಹೆಸರುಗಳನ್ನಲ್ಲ. ಅವು ಮುಂದಿನ ವಿಂಡೋಸಿನಲ್ಲಿ ಬದಲಾಗಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಪ್ರತಿ ಪರೀಕ್ಷೆಯಿಂದಲೂ ಸಂಶಯದ ಕ್ಷೇತ್ರವನ್ನು ಕಿರಿದುಮಾಡುವುದು, ಕಂಡುದನ್ನು ಬರೆದಿಡುವುದು, ಹಿಂದಕ್ಕೆ ಪಡೆಯಲಾಗದ ಉಪಾಯವನ್ನು ಕೊನೆಗೆ ಇರಿಸಿಕೊಳ್ಳುವುದು: ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ವಿಧಾನವೂ ಇದೇ. ಐದು ಪರೀಕ್ಷೆಗಳ ಬಳಿಕವೂ ಫಾರ್ಮ್ಯಾಟ್ ಮಾಡಲೇಬೇಕಾಗಿ ಬಂದರೆ ಮಾಡೋಣ. ಆಗ ಕಡತಗಳ ನಕಲು ನಮ್ಮ ಕೈಯಲ್ಲಿರುತ್ತದೆ; ದೋಷವು ಎಲ್ಲೆಲ್ಲಿ ಇರಲಿಲ್ಲವೆಂಬುದೂ ನಮಗೆ ತಿಳಿದಿರುತ್ತದೆ.