ಸಿ.ಡಿ. ಯಂತ್ರವನ್ನು ಒರೆಸಿದರೆ ನಾದ ತಿಳಿಯಾಗುವುದೆ?

ನಮ್ಮ ಮಿತ್ರರೊಬ್ಬರು ಹತ್ತು ವರ್ಷಗಳಿಂದ ಅಟ್ಟದ ಮೇಲಿದ್ದ ತಮ್ಮ ಸಿ.ಡಿ. ಯಂತ್ರವನ್ನು ಈಚೆಗೆ ಕೆಳಗಿಳಿಸಿದರು. ಅದು ತಟ್ಟೆಯನ್ನು ನುಂಗಿ ಸುಮ್ಮನಾಗುತ್ತಿತ್ತು, ಹಾಡುತ್ತಿರಲಿಲ್ಲ. ಒಳಗಿನ ಮಸೂರವನ್ನು ಒರೆಸಿದ ಮೇಲೆ, ಅವರ ತಂದೆಯವರು ಬಿಟ್ಟುಹೋದ ವೀಣಾವಾದನ ಮತ್ತೆ ಕೇಳಿಬಂದಿತು. “ಹಿಂದಿಗಿಂತಲೂ ನಾದ ತಿಳಿಯಾಗಿದೆ” ಎಂದು ಅವರು ಹಿಗ್ಗಿದರು. ಇಷ್ಟರಲ್ಲಿ ದುರಸ್ತಿಗಾರನೊಬ್ಬನು, ಯಂತ್ರವನ್ನು ಪೂರ್ಣವಾಗಿ ಸರ್ವೀಸು ಮಾಡಿಸಿದರೆ ನಾದ ಇನ್ನಷ್ಟು ಇಂಪಾಗುವುದೆಂದು ಹೇಳಿ, ಹೊಸ ಯಂತ್ರದ ಅರ್ಧ ಬೆಲೆಯನ್ನು ಕೇಳಿದನು. ಹಣ ತೆರಬೇಕೆ, ಬೇಡವೆ? ಯಂತ್ರವು ಕೆಲಸ ಮಾಡುವ ರೀತಿಯನ್ನು ಅರಿತರೆ ಉತ್ತರ ತಾನಾಗಿ ದೊರೆಯುತ್ತದೆ.

ಗ್ರಾಮಫೋನಿನ ವಿಷಯದಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ. ಅದರ ತಟ್ಟೆಯ ಮೇಲಿನ ಗೀರು ಧ್ವನಿತರಂಗದ ಆಕಾರವನ್ನೇ ತಳೆದಿರುತ್ತದೆ. ಅಲ್ಲಿ ಕುಳಿತ ಧೂಳಿನ ಕಣವನ್ನೂ ಮುಳ್ಳು ಸಂಗೀತದೊಡನೆಯೇ ನುಡಿಸಿಬಿಡುತ್ತದೆ. ಒರೆಸಿದಷ್ಟೂ ಧ್ವನಿ ಶುದ್ಧ. 1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಸಿ.ಡಿ. ಯಂತ್ರದ ರೀತಿಯೇ ಬೇರೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಈ ಪದ್ಧತಿಯಲ್ಲಿ ತಟ್ಟೆಯ ಮೇಲಿರುವುದು ತರಂಗವಲ್ಲ, ಬರಿಯ ಅಂಕೆಗಳು. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಎಡ ಬಲ ಎರಡೂ ಕಡೆಯ ಪ್ರತಿಯೊಂದು ಅಳತೆಯನ್ನು 0 ಮತ್ತು 1 ಎಂಬ ಗುರುತುಗಳಿಂದ, 16 ಸ್ಥಾನಗಳಲ್ಲಿ ಬರೆದಿರುತ್ತಾರೆ.

12 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಈ ಬರಹವು ಸೂಕ್ಷ್ಮ ಕುಳಿಗಳ ಸುರುಳಿಯಾಗಿ ನಡುವಿನಿಂದ ಹೊರಕ್ಕೆ ಸಾಗುತ್ತದೆ. ಒಂದು ಸುತ್ತಿಗೂ ಇನ್ನೊಂದಕ್ಕೂ ಅಂತರ 1.6 ಮೈಕ್ರೊಮೀಟರ್, ಎಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಹೆಚ್ಚು ಸುತ್ತುಗಳು. ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಕಿರಣವನ್ನು ಪುಟ್ಟ ಮಸೂರವೊಂದು ಈ ಕುಳಿಗಳ ಮೇಲೆ ಕೇಂದ್ರೀಕರಿಸುತ್ತದೆ. ಮರಳಿ ಬರುವ ಬೆಳಕಿನ ಏರಿಳಿತವನ್ನು ಯಂತ್ರವು ಅಂಕೆಗಳಾಗಿ ಓದುತ್ತದೆ. ಮಸೂರದ ಮೇಲೆ ಧೂಳು ಕುಳಿತರೆ ಬೆಳಕು ಕುಗ್ಗುತ್ತದೆ. ಆದರೆ ಕುಗ್ಗಿದ ಬೆಳಕಿನಲ್ಲಿಯೂ ಅಂಕೆ ಗುರುತಿಗೆ ಸಿಕ್ಕಿದರೆ, 1 ಎಂಬುದು 1 ಆಗಿಯೇ ಉಳಿಯುತ್ತದೆ. ಮಸುಕಾದ ಕನ್ನಡಕದಿಂದ ಕಾಗದವನ್ನು ಓದಿದರೂ, ಅಕ್ಷರ ತಿಳಿಯುವವರೆಗೆ ಅದರ ಒಕ್ಕಣೆ ಬದಲಾಗದಷ್ಟೆ!

ಕೆಲವು ಅಂಕೆಗಳು ಅಳಿಸಿಯೇ ಹೋದರೆ? ಅದಕ್ಕೂ ಉಪಾಯವುಂಟು. ಅಂಗಡಿಯ ಚೀಟಿಯಲ್ಲಿ 7, 12, 5, 9 ಎಂದು ಬರೆದು, ಕೆಳಗೆ ಮೊತ್ತ 33 ಎಂದು ನಮೂದಿಸಿದೆಯೆನ್ನೋಣ. 12ರ ಮೇಲೆ ಎಣ್ಣೆ ಬಿದ್ದು ಅಳಿಸಿದರೂ, 33ರಿಂದ ಉಳಿದ ಮೂರನ್ನು ಕಳೆದು ಅದನ್ನು ಮರಳಿ ಪಡೆಯಬಹುದು. ಪಡೆದದ್ದು ಅಂದಾಜಲ್ಲ, ಅದೇ 12. ಅಮೆರಿಕದ ಗಣಿತಜ್ಞರಾದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಸಂಕೇತವಿಧಾನವನ್ನು ಇದೇ ತತ್ತ್ವದ ಬಹು ಸಮರ್ಥವಾದ ರೂಪವೆನ್ನಬಹುದು. ಸಿ.ಡಿ.ಯಲ್ಲಿ ಅದನ್ನು ಬಳಸುವುದಲ್ಲದೆ, ನೆರೆಹೊರೆಯ ಅಂಕೆಗಳನ್ನು ದೂರ ದೂರ ಹಂಚಿಯೂ ಇಟ್ಟಿರುತ್ತಾರೆ. ಒಂದೊಂದು ಲೆಕ್ಕವನ್ನೂ ಹಲವು ಪುಸ್ತಕಗಳಲ್ಲಿ ಚೆದರಿಸಿ ಬರೆದರೆ, ಗೆದ್ದಲು ಒಂದು ಪುಸ್ತಕವನ್ನು ತಿಂದರೂ ಪ್ರತಿ ಲೆಕ್ಕದಲ್ಲಿ ಒಂದೇ ಅಂಕೆ ನಷ್ಟವಾಗುವುದಲ್ಲವೆ? ಹೀಗಾಗಿ ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನಷ್ಟು ಬರಹ ಹಾಳಾದರೂ ಅದು ಯಥಾವತ್ತಾಗಿ ಮರಳುತ್ತದೆ.

ಹಾನಿ ಈ ಮಿತಿಯನ್ನು ದಾಟಿದರೆ ಯಂತ್ರವು ಅಂದಾಜಿಗೆ ತೊಡಗುತ್ತದೆ. ಹಿಂದಿನ ಅಳತೆ 100, ಮುಂದಿನದು 104 ಆಗಿದ್ದರೆ ನಡುವೆ 102 ಎಂದು ತುಂಬುತ್ತದೆ. ಈ ಕಿರಿದಾದ ಘಟ್ಟದಲ್ಲಿ ಒರೆಸುವುದರಿಂದ ನಾದಕ್ಕೆ ಅಲ್ಪ ಲಾಭವುಂಟು. ಹಾನಿ ಇನ್ನೂ ಹೆಚ್ಚಿದರೆ ಧ್ವನಿ ಕ್ಷಣಕಾಲ ನಿಲ್ಲುತ್ತದೆ, ಹಾಡು ಜಿಗಿಯುತ್ತದೆ, ಕೊನೆಗೆ ತಟ್ಟೆಯ ಗುರುತೇ ಸಿಗದೆ ಹೋಗುತ್ತದೆ. ನಮ್ಮ ಮಿತ್ರರ ಯಂತ್ರಕ್ಕೆ ಆದದ್ದು ಇದೇ. ಮಸೂರವನ್ನು ಒರೆಸುವುದರಿಂದ, ಗಟ್ಟಿಯಾದ ಹಳೆಯ ಗ್ರೀಸನ್ನು ತೆಗೆಯುವುದರಿಂದ, ಸಡಿಲಿದ ರಬ್ಬರ್ ಪಟ್ಟಿಯನ್ನು ಬದಲಿಸುವುದರಿಂದ ಹಾಡದ ಯಂತ್ರ ಹಾಡೀತು. ಸರಿಯಾಗಿ ಹಾಡುತ್ತಿದ್ದ ಯಂತ್ರ ಇನ್ನೂ ಇಂಪಾಗದು. ತಟ್ಟೆ ತಿರುಗುವ ವೇಗ ತುಸು ಏರುಪೇರಾದರೂ ಶ್ರುತಿ ಕೆಡುವುದಿಲ್ಲ. ಓದಿದ ಅಂಕೆಗಳು ಮೊದಲು ಪುಟ್ಟ ಸ್ಮೃತಿಕೋಶದಲ್ಲಿ ನಿಂತು, ಸ್ಫಟಿಕ ಗಡಿಯಾರದ ತಾಳಕ್ಕೆ ಸರಿಯಾಗಿ ಹೊರಬೀಳುತ್ತವೆ.

ಹಾಗಾದರೆ ದುರಸ್ತಿಯಿಂದ ನಾದ ಎಂದಿಗೂ ಸುಧಾರಿಸದೆ? ಅಂಕೆಗಳು ಮತ್ತೆ ವಿದ್ಯುತ್ ತರಂಗವಾಗಿ ಮಾರ್ಪಟ್ಟ ಮೇಲಿನ ಭಾಗದಲ್ಲಿ ಸುಧಾರಿಸಬಹುದು. ಅಲ್ಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ದಶಕಗಳಲ್ಲಿ ಒಣಗುತ್ತವೆ. ಆಗ ಗುಂಯ್‌ಗುಟ್ಟುವ ಸದ್ದು ಸೇರಬಹುದು, ಮಂದ್ರಸ್ವರಗಳು ಸೊರಗಬಹುದು. ತಂತಿಯನ್ನು ಸಿಕ್ಕಿಸುವೆಡೆ ಕಿಲುಬು ಹಿಡಿದರೆ ಕರಕರ ಸದ್ದು ಬರುತ್ತದೆ, ಇಲ್ಲವೆ ಒಂದು ಕಡೆಯ ಧ್ವನಿಯೇ ಅಡಗುತ್ತದೆ. ಇವು ಚಿಕಿತ್ಸೆಗೆ ತಕ್ಕ ರೋಗಗಳು. ಆದರೆ ಲಕ್ಷಣ ಕಂಡಮೇಲಷ್ಟೆ ಔಷಧ.

ಸ್ವತಃ ಒರೆಸಬಯಸುವ ವಿದ್ಯಾರ್ಥಿಗಳು ಮೊದಲು ಪ್ಲಗ್ಗನ್ನು ಕೀಳಬೇಕು. ವಿದ್ಯುತ್ ಪೂರೈಕೆಯ ಭಾಗವನ್ನು ಮುಟ್ಟಬಾರದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ನೆನೆಸಿದ ಹತ್ತಿಯ ಕಡ್ಡಿಯಿಂದ ಮಸೂರವನ್ನು ಒತ್ತದೆ ಸವರಬೇಕು. ತೆರೆದ ಯಂತ್ರವನ್ನು ನಡೆಸಿ ಇಣುಕಬಾರದು. ಲೇಸರ್ ಕಾಣದಿದ್ದರೂ ಕಣ್ಣಿಗೆ ಅಪಾಯಕರ. ತಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಾಗಿ ಒರೆಸುವಾಗ ಗೀಚು ಬಿದ್ದರೆ ಅದು ಸುರುಳಿಯ ಉದ್ದಕ್ಕೇ ಸಾಗಿ, ಮೇಲೆ ಹೇಳಿದ 2.5 ಮಿಲಿಮೀಟರಿನ ಮಿತಿಯನ್ನು ಮೀರೀತು.

“ಆದರೂ ನನ್ನ ಕಿವಿಗೆ ಭೇದ ಕೇಳಿಸಿತಲ್ಲ!” ಎಂದರು ನಮ್ಮ ಮಿತ್ರರು. ಶ್ರಮಪಟ್ಟು ಒರೆಸಿದವನ ಕಿವಿ ಪಕ್ಷಪಾತಿ. ಹತ್ತು ವರ್ಷಗಳ ಹಿಂದಿನ ನಾದದ ನೆನಪಂತೂ ಸಾಕ್ಷಿಯಾಗಲಾರದು. ಪರೀಕ್ಷಿಸಬೇಕಾದರೆ, ಹಾಡುತ್ತಿರುವ ಯಂತ್ರದ ಧ್ವನಿಯನ್ನು ಒರೆಸುವ ಮೊದಲು ಒಮ್ಮೆ, ಆಮೇಲೊಮ್ಮೆ, ಒಂದೇ ಮಟ್ಟದಲ್ಲಿ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಿರಿ. ಯಾವುದು ಯಾವುದೆಂದು ಹೇಳದೆ, ಗೆಳೆಯನೊಬ್ಬನು ನಾಣ್ಯ ಚಿಮ್ಮಿ ಬಂದಂತೆ 20 ಸಲ ಕೇಳಿಸಲಿ. ಸುಮಾರು 10 ಉತ್ತರಗಳು ಬರಿಯ ಊಹೆಯಿಂದಲೂ ಸರಿಹೋಗುತ್ತವೆ. 15ಕ್ಕೂ ಮೇಲೆ ಸರಿಯಾದರೆ ಮಾತ್ರ ಭೇದವನ್ನು ನಂಬಲು ಕಾರಣವುಂಟು.

ಮಿತ್ರರ ಯಂತ್ರ ಈಗ ಜಿಗಿಯದೆ, ಗುಂಯ್‌ಗುಟ್ಟದೆ, ಎರಡೂ ಕಡೆ ಸಮನಾಗಿ ಹಾಡುತ್ತಿದೆ. ದುರಸ್ತಿಗಾರನಿಗೆ ಹಣ ಕೊಡುವುದು ಬೇಡವೆಂದೆವು. ವೀಣೆಯ ನಾದ ತಿಳಿಯಾದುದಲ್ಲ. ತಟ್ಟೆಯ ಮೇಲೆ ಅದು ಮೊದಲಿನಿಂದಲೂ ತಿಳಿಯಾಗಿಯೇ ಉಳಿದಿತ್ತು.