ಕಂಪ್ಯೂಟರ್ ಓದುವ ಮಕ್ಕಳಿಗೆ ಉಚಿತ ವಿಡಿಯೊ ಪಾಠಗಳು

ಅರಸೀಕೆರೆ, ಬೇಲೂರು, ಹಳೇಬೀಡಿನಿಂದ ವಿದ್ಯಾರ್ಥಿವೇತನದ ಅರ್ಜಿ ತರುವ ಪೋಷಕರು, ಪ್ರೋಗ್ರಾಮಿಂಗ್ ಕೋಚಿಂಗ್‌ಗೆ ಸಾಲ ಮಾಡಲೇ ಎಂದು ಕೇಳುತ್ತಾರೆ. ಬೇಡ, ಮೊದಲು ಉಚಿತ ಪಾಠಗಳನ್ನು ನೋಡಲಿ ಎನ್ನುತ್ತೇವೆ.

ಕನ್ನಡ, ಉರ್ದು ಮಾಧ್ಯಮದಲ್ಲಿ ಓದಿದವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಿಂದ ಆರಂಭಿಸಲಿ. ಪಾಠಗಳು ಚಿಕ್ಕವು, ಹಲವಕ್ಕೆ ಕನ್ನಡ ಧ್ವನಿಯೂ ಇದೆ.

ಇಂಗ್ಲಿಷ್ ಪಾಠ ಅರ್ಥವಾಗುವವರಿಗೆ ಎನ್‌ಪಿಟಿಇಎಲ್‌ನಲ್ಲಿ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರೊ. ಮಾಧವನ್ ಮುಕುಂದ್ ಅವರ ಪೈಥಾನ್ ಪಾಠಮಾಲೆ ಇದೆ. ಅದು ಶುರುವಾಗುವುದು ನಾವು ಶಾಲೆಯಲ್ಲಿ ಕಲಿಸುತ್ತಿದ್ದ ಮ.ಸಾ.ಅ. ಲೆಕ್ಕದಿಂದ! 48 ಮತ್ತು 18ರ ಅಪವರ್ತನಗಳನ್ನೆಲ್ಲ ಪಟ್ಟಿ ಮಾಡಿ ಹುಡುಕುವುದು ಒಂದು ದಾರಿ. ಯೂಕ್ಲಿಡ್ ದಾರಿಯಲ್ಲಿ 48ನ್ನು 18ರಿಂದ ಭಾಗಿಸಿದರೆ ಶೇಷ 12. 18ನ್ನು 12ರಿಂದ ಭಾಗಿಸಿದರೆ 6. 12ನ್ನು 6ರಿಂದ ಭಾಗಿಸಿದರೆ ಶೇಷವಿಲ್ಲ. ಉತ್ತರ 6. ಸಂಖ್ಯೆ ದೊಡ್ಡದಾದಷ್ಟೂ ಈ ದಾರಿಯ ಲಾಭ ಹೆಚ್ಚು. ಪ್ರೋಗ್ರಾಮರ್ ಕಲಿಯಬೇಕಾದ್ದು ಇದನ್ನೇ.

ಬರೀ ನೋಡಿದರೆ ಸಾಲದು, ವಿಡಿಯೊ ನಿಲ್ಲಿಸಿ ತಾವೇ ಟೈಪ್ ಮಾಡಬೇಕು. ಮನೆಯಲ್ಲಿ ಒಂದೇ ಮೊಬೈಲ್ ಇದ್ದರೆ ಇಶಾ ನಮಾಜಿನ ನಂತರ ಒಂದು ಗಂಟೆ ಮಗಳಿಗೂ ಸಿಗಲಿ. ಬಳಸದೆ ಇಟ್ಟಿರುವ ಲ್ಯಾಪ್‌ಟಾಪ್ ಇದ್ದರೆ ದಾನಿಗಳು ದಯವಿಟ್ಟು ಕಚೇರಿಗೆ ತಿಳಿಸಿ.

ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಅದರ ರಸೀದಿಯನ್ನು ಅರ್ಜಿಗೆ ಲಗತ್ತಿಸಿ.